ನಂಬರಿರುವ ಕಣ್ಣಿಗೆ ಗಾಳದ ದಂಡೆಯ ತಂಪು ಕನ್ನಡಕ: ಹಾಸನದಲ್ಲಿ ಮಾಡಿಸಿದ ಒಂದು ಜೋಡಿಯ ವಿಮರ್ಶೆ

ಶೆಟ್ಟಿಹಳ್ಳಿಯ ಕಡೆಯಿಂದ ಹೇಮಾವತಿಯ ಹಿನ್ನೀರಿಗೆ ಇಳಿದು ಗಾಳ ಹಾಕುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಬೆಳಿಗ್ಗೆ ಎಂಟೂವರೆ ದಾಟುತ್ತಿದ್ದಂತೆ ನೀರು ಕನ್ನಡಿಯಾಗುತ್ತದೆ. ಬೆಂಡು ಮುಳುಗಿತೋ, ಅಲೆಗೆ ಅಲುಗಿತೋ ತಿಳಿಯುವುದಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಎರಡು ಗಂಟೆ ಕುಳಿತರೆ ಮನೆಗೆ ಬರುವಾಗ ತಲೆನೋವು ಜೊತೆಗೇ ಬರುತ್ತದೆ. ಕಣ್ಣು ಚೆನ್ನಾಗಿರುವವರು ಪೇಟೆಯಲ್ಲಿ ಸಿಕ್ಕ ಪೋಲರೈಸ್ಡ್, ಅಂದರೆ ನೀರಿನ ಹೊಳಪನ್ನು ಸೋಸಿ ತಡೆಯುವ, ಕೂಲಿಂಗ್ ಗ್ಲಾಸ್ ಕೊಂಡು ಹಾಕಿಕೊಳ್ಳಬಹುದು. ನನ್ನ ಎರಡೂ ಕಣ್ಣಿಗೆ ಮೈನಸ್ 3.25 ನಂಬರಿದೆ, ಬಲಗಣ್ಣಿಗೆ ಅದರ ಮೇಲೆ 1.00 ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಹೆಚ್ಚುವರಿ ನಂಬರು) ಇದೆ, ವಯಸ್ಸು 48. ಇಂಥ ಕಣ್ಣಿಗೆ ಗಾಳದ ದಂಡೆಯಲ್ಲಿ ಕೆಲಸಕ್ಕೆ ಬರುವ ತಂಪು ಕನ್ನಡಕವನ್ನು ಮಾಡಿಸಿಕೊಳ್ಳಲು ನಾನು ಒಮ್ಮೆ ಸೋತು, ಎರಡನೆಯ ಬಾರಿ ಹಾಸನದ ಬಿ.ಎಂ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಸರಿಯಾದದ್ದನ್ನು ಪಡೆದೆ. ಫ್ರೇಮಿಗೆ 1,850 ರೂಪಾಯಿ, ಎರಡು ಮಸೂರಗಳಿಗೆ 4,700, ಒಟ್ಟು 6,550 ರೂಪಾಯಿ ಖರ್ಚಾಯಿತು. ನವೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ ಬಹುತೇಕ ಪ್ರತಿ ಭಾನುವಾರವೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳುತ್ತೇನೆ, ಏಕೆಂದರೆ ಬಹಳ ಮಂದಿ ಎಡವುವುದು ಅಲ್ಲಿಯೇ. ಬೇರೊಂದು ಊರಿನ ದೊಡ್ಡ ಅಂಗಡಿಯಲ್ಲಿ, ಮುಖವನ್ನು ಕಿವಿಯವರೆಗೆ ಬಳಸಿಕೊಂಡು ಬಾಗುವ ಫ್ರೇಮೊಂದನ್ನು ನೋಡಿ ಮನಸೋತೆ. ಪಕ್ಕದಿಂದ ಬೆಳಕು ನುಗ್ಗದಂತೆ ತಡೆಯುವ ಆಕಾರ ಅದು, ಆದ್ದರಿಂದ ಮೀನು ಹಿಡಿಯುವವರಿಗೆಂದೇ ಹೇಳಿ ಮಾಡಿಸಿದಂತೆ ಕಂಡಿತು. ಅದಕ್ಕೆ ನನ್ನ ದಿನನಿತ್ಯದ ಕನ್ನಡಕದ ನಂಬರನ್ನೇ ಹಾಕಿಕೊಟ್ಟರು. ಧರಿಸಿದ ಮೊದಲ ದಿನವೇ ದಂಡೆಯ ಕಲ್ಲುಗಳು ಒಂದು ಕಡೆಗೆ ವಾಲಿದಂತೆ ಕಂಡವು. ಇಳಿಜಾರಿನಲ್ಲಿ ಹೆಜ್ಜೆಯ ಅಂದಾಜು ತಪ್ಪಿ ಮೊಣಕಾಲು ತರಚಿಕೊಂಡೆ. ತಪ್ಪು ನನ್ನ ಕಣ್ಣಿನದೇ ಇರಬೇಕೆಂದು ಒಂದು ತಿಂಗಳು ಸಹಿಸಿಕೊಂಡದ್ದಕ್ಕೆ ಈಗ ಬೇಸರವಾಗುತ್ತದೆ. ಕಾರಣ ಸರಳವಾಗಿದೆ. ಸಾಧಾರಣ ಕನ್ನಡಕದ ಮಸೂರ ಕಣ್ಣಿನ ಮುಂದೆ ಹೆಚ್ಚು ಕಡಿಮೆ ನೇರವಾಗಿ ನಿಲ್ಲುತ್ತದೆ, ಮುಖ ಬಳಸಿ ಬಾಗಿದ ಫ್ರೇಮಿನಲ್ಲಿ ಅದು ಓರೆಯಾಗಿ ನಿಲ್ಲುತ್ತದೆ. ಓರೆಯಾದ ಮಸೂರದ ಮೂಲಕ ನೋಡುವ ಕಣ್ಣಿಗೆ ಬರೆದುಕೊಟ್ಟ ನಂಬರೇ ಬೇರೆಯಾಗಿ ತಲುಪುತ್ತದೆ, ಬೇಡದ ಸಿಲಿಂಡರ್ ಸೇರಿಕೊಳ್ಳುತ್ತದೆ, ಅಂಚುಗಳಲ್ಲಿ ದೃಶ್ಯ ಜರುಗುತ್ತದೆ. ಫ್ರೇಮಿನ ಬಾಗು ಮತ್ತು ವಾಲುಗಳನ್ನು ಅಳೆದು ನಂಬರನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ ಮಾಡಿಸಿದರೆ ಈ ದೋಷ ಬಹಳ ಮಟ್ಟಿಗೆ ತಗ್ಗುತ್ತದೆ, ಆದರೆ ಆ ಲೆಕ್ಕವನ್ನು ಅಲ್ಲಿ ಯಾರೂ ಮಾಡಿರಲಿಲ್ಲ. ನಂಬರು ಒಂದು, ಒಂದೂವರೆಯೊಳಗಿದ್ದರೆ ಇದು ಅಷ್ಟಾಗಿ ಕಾಡುವುದಿಲ್ಲ. ಮೂರು ದಾಟಿದವರು ಈ ಬಗೆಯ ಫ್ರೇಮಿನ ವಿಷಯದಲ್ಲಿ ಎಚ್ಚರದಿಂದಿರಬೇಕು.

ಹಾಸನದ ಅಂಗಡಿಯಲ್ಲಿ ನಡೆದದ್ದು ತಲೆಕೆಳಗಿನ ಕ್ರಮದಲ್ಲಿ. ಅಲ್ಲಿನ ಕಣ್ಣು ಪರೀಕ್ಷಕರು ಫ್ರೇಮನ್ನು ಕೈಗೆ ಕೊಡುವ ಮೊದಲು ನಂಬರನ್ನು ಹೊಸದಾಗಿ ಪರೀಕ್ಷಿಸಿದರು, ಕುಳಿತು ಗಾಳ ಹಾಕುತ್ತೀರೋ, ನಿಂತೋ, ದಂಡೆ ನೀರಿನಿಂದ ಎಷ್ಟು ಎತ್ತರ, ಬೈಕಿನಲ್ಲಿ ಹೋಗುತ್ತೀರೋ, ದಾರಕ್ಕೆ ಗಂಟು ಹಾಕುವಾಗ ಕನ್ನಡಕ ತೆಗೆಯುತ್ತೀರೋ ಎಂದೆಲ್ಲ ಕೇಳಿದರು. ಆಮೇಲೆ, ಹೆಚ್ಚು ಬಾಗಿಲ್ಲದ, ಆದರೆ ಅಗಲವಾದ ಕಡ್ಡಿಗಳಿರುವ ಒಂದು ಫ್ರೇಮನ್ನು ತೋರಿಸಿ, ಪಕ್ಕದ ಬೆಳಕನ್ನು ತಡೆಯುವ ಕೆಲಸವನ್ನು ಮಸೂರದ ಬದಲು ಕಡ್ಡಿಗೆ ಒಪ್ಪಿಸೋಣ ಎಂದರು. ಮೇಲಿನಿಂದ ಬರುವ ಬೆಳಕಿಗೆ ಟೋಪಿ ಸಾಕು. ಫ್ರೇಮನ್ನು ಮುಖಕ್ಕೆ ಸರಿಹೊಂದಿಸಿದ ನಂತರವೇ ಪ್ರತಿ ಕಣ್ಣಿನ ಪಾಪೆಯ ಜಾಗವನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಂಡರು. ಈ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಇನ್ನು ಪೋಲರೈಸೇಶನ್ನಿನ ವಿಷಯ. 1808ರಲ್ಲಿ ಫ್ರಾನ್ಸಿನ ಮಾಲ್ಯೂಸ್ ಎಂಬ ವಿಜ್ಞಾನಿ, ಕಿಟಕಿಯ ಗಾಜಿನಿಂದ ಪ್ರತಿಫಲಿಸಿದ ಸಂಜೆಯ ಬಿಸಿಲನ್ನು ಹರಳೊಂದರ ಮೂಲಕ ನೋಡುತ್ತಿದ್ದಾಗ, ಹರಳನ್ನು ತಿರುಗಿಸಿದಂತೆ ಆ ಬೆಳಕು ಕುಂದುವುದನ್ನು ಕಂಡ. ನಮ್ಮ ಕೆರೆಯ ಮೇಲಿನ ಹೊಳಪೂ ಇದೇ ಜಾತಿಯದು. ನೀರಿನಿಂದ ಪ್ರತಿಫಲಿಸಿದ ಬೆಳಕು ಬಹುಪಾಲು ಅಡ್ಡಡ್ಡವಾಗಿ ಕಂಪಿಸುತ್ತದೆ. ಪೋಲರೈಸ್ಡ್ ಮಸೂರ ಲಂಬವಾಗಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಆದ್ದರಿಂದ ಹೊಳಪು ಹೊರಗುಳಿದು ನೀರಿನೊಳಗಿನಿಂದ ಬರುವ ಬೆಳಕು ಕಣ್ಣಿಗೆ ಸೇರುತ್ತದೆ. ಬರೀ ಕಪ್ಪು ಬಣ್ಣದ ಗಾಜು ಹೊಳಪನ್ನೂ ಮೀನನ್ನೂ ಒಂದೇ ಸಮನೆ ಕಪ್ಪಾಗಿಸುತ್ತದೆ, ಅದರಿಂದ ಗಾಳದವರಿಗೆ ಲಾಭವಿಲ್ಲ.

ಅಂಗಡಿಯವರು ಹೇಳದ, ನಾನು ದಂಡೆಯಲ್ಲಿ ನಿಂತು ಅರಿತುಕೊಂಡ ಒಂದು ವಿವರವನ್ನು ಇಲ್ಲಿ ಸೇರಿಸಬೇಕು. ಹೊಳಪು ಸಂಪೂರ್ಣವಾಗಿ ಅಳಿಯುವುದು ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ. ನೀರಿಗೆ ಅದು ಲಂಬರೇಖೆಯಿಂದ ಸುಮಾರು 53 ಡಿಗ್ರಿ. ನಿಂತವನ ಕಣ್ಣು ನೀರಿನ ಮಟ್ಟದಿಂದ 1.6 ಮೀಟರ್ ಮೇಲಿದ್ದರೆ, ಈ ಕೋನ ತಾಗುವುದು ಬರೀ ಎರಡು ಮೀಟರ್ ದೂರದ ನೀರಿಗೆ. ಅದೇ ಮನುಷ್ಯ ಮೂರು ಮೀಟರ್ ಎತ್ತರದ ಏರಿಯ ಮೇಲೆ ನಿಂತರೆ ಆರು ಮೀಟರ್ ದೂರದ ನೀರು ತಿಳಿಯಾಗಿ ಕಾಣುತ್ತದೆ. ಅದರಾಚೆಗೂ ಈಚೆಗೂ ಪ್ರಯೋಜನ ಇದ್ದೇ ಇರುತ್ತದೆ, ಕ್ರಮೇಣ ಕಡಿಮೆಯಾಗುತ್ತ ಹೋಗುತ್ತದೆ ಅಷ್ಟೆ. ಕನ್ನಡಕ ಕೊಂಡ ಮೇಲೆ ನಲವತ್ತು ಮೀಟರ್ ಆಚೆಯ ನೀರು ಇನ್ನೂ ಹೊಳೆಯುತ್ತಿದೆ ಎಂದು ಅಂಗಡಿಯವರನ್ನು ದೂರುವ ಮೊದಲು, ನಿಂತ ಜಾಗವನ್ನು ಸ್ವಲ್ಪ ಎತ್ತರಕ್ಕೆ ಬದಲಿಸಿ ನೋಡುವುದು ಒಳ್ಳೆಯದು.

ಸಿಲಿಂಡರ್ ನಂಬರಿರುವವರು ಮತ್ತೊಂದು ಸಂಗತಿಯನ್ನು ತಿಳಿದಿರಬೇಕು. ಪೋಲರೈಸ್ಡ್ ಮಸೂರಕ್ಕೆ ತನ್ನದೇ ಅಕ್ಷವಿದೆ, ಸಿಲಿಂಡರಿಗೂ ತನ್ನದೇ ಅಕ್ಷವಿದೆ. ಎರಡನ್ನೂ ಒಂದೇ ಮಸೂರದಲ್ಲಿ ಸರಿಯಾಗಿ ಕೂರಿಸಬೇಕಾದ್ದರಿಂದ ಕಪಾಟಿನಲ್ಲಿರುವ ಸಿದ್ಧ ಮಸೂರವನ್ನು ಕತ್ತರಿಸಿ ಹಾಕಲಾಗುವುದಿಲ್ಲ. ಪ್ರಯೋಗಾಲಯಕ್ಕೆ ಕಳುಹಿಸಿ, ಅಕ್ಷದ ಗುರುತಿರುವ ದಪ್ಪ ಬಿಲ್ಲೆಯನ್ನು ಆ ನಂಬರಿಗೆ ತಕ್ಕಂತೆ ಅರೆಸಬೇಕು. ನನ್ನದಕ್ಕೆ ಒಂಬತ್ತು ದಿನ ಹಿಡಿಯಿತು. ಇಂಥ ನಂಬರಿಗೆ ಸಂಜೆಯೊಳಗೆ ಕೊಡುತ್ತೇವೆ ಎನ್ನುವವರ ಮಾತನ್ನು ಒಪ್ಪುವ ಮೊದಲು ಎರಡು ಬಾರಿ ವಿಚಾರಿಸಬೇಕು. ಪೋಲರೈಸೇಶನ್ನಿನ ಅಕ್ಷ 15 ಡಿಗ್ರಿ ತಿರುಗಿದರೆ ಹೊಳಪಿನ ಶೇಕಡ 7ರಷ್ಟು ನುಸುಳುತ್ತದೆ, 30 ಡಿಗ್ರಿ ತಿರುಗಿದರೆ ಕಾಲು ಭಾಗ ನುಸುಳುತ್ತದೆ. ಒಂದು ಕಣ್ಣಿನದು ಸರಿಯಿದ್ದು ಇನ್ನೊಂದರದು ತಿರುಗಿದ್ದರಂತೂ ಎರಡು ಕಣ್ಣಿಗೂ ಎರಡು ಬಗೆಯ ನೀರು ಕಂಡು ಆಯಾಸವಾಗುತ್ತದೆ. ಪರೀಕ್ಷೆ ಕಷ್ಟವಲ್ಲ: ಕನ್ನಡಕ ಧರಿಸಿ ಅಂಗಡಿಯ ನುಣುಪಾದ ನೆಲದ ಮೇಲೆ ಬಿದ್ದ ಬಾಗಿಲಿನ ಬೆಳಕನ್ನು ಒಂದೊಂದೇ ಕಣ್ಣಿನಿಂದ ನೋಡಬೇಕು, ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಬೇಕು. ತಲೆ ನೆಟ್ಟಗಿದ್ದಾಗ ಎರಡೂ ಕಣ್ಣಿಗೆ ಹೊಳಪು ಅತಿ ಕಡಿಮೆಯಾಗಿಯೂ ವಾಲಿಸಿದಾಗ ಸಮನಾಗಿ ಹೆಚ್ಚುತ್ತಲೂ ಇದ್ದರೆ ಅಕ್ಷ ಸರಿಯಿದೆ ಎಂದರ್ಥ.

ಮಸೂರದ ವಸ್ತುವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಆರಿಸಿಕೊಂಡೆ. ಸಾಮಾನ್ಯ ಸಿಆರ್-39 ಪ್ಲಾಸ್ಟಿಕ್ಕಿನಲ್ಲಿ ನೋಟ ಹೆಚ್ಚು ಶುಭ್ರವಾಗಿರುತ್ತದೆ ಎಂಬುದು ನಿಜ. ಪಾಲಿಕಾರ್ಬೊನೇಟಿನ ಅಂಚಿನಲ್ಲಿ ಬೆಳ್ಳನೆಯ ವಸ್ತುಗಳ ಸುತ್ತ ಸಣ್ಣದೊಂದು ಬಣ್ಣದ ಗೆರೆ ಕಾಣುತ್ತದೆ, ನನಗೂ ಮೊದಲ ವಾರ ಕಂಡಿತು. ಆದರೆ ಕಲ್ಲಿಗೆ ಸಿಕ್ಕಿದ ಗಾಳವನ್ನು ಎಳೆಯುವಾಗ ಅದು ಒಮ್ಮೆಲೇ ಬಿಟ್ಟು, ಸೀಸದ ಗುಂಡಿನ ಸಮೇತ ಮುಖದತ್ತ ಹಾರಿ ಬಂದ ಅನುಭವ ಇಲ್ಲದ ಗಾಳದವರು ಯಾರಿದ್ದಾರೆ? ಪೆಟ್ಟು ತಾಳುವುದರಲ್ಲಿ ಪಾಲಿಕಾರ್ಬೊನೇಟಿಗೆ ಸಿಆರ್-39 ಸಾಟಿಯಲ್ಲ, ಗಾಜಂತೂ ಬೇಡವೇ ಬೇಡ. ಕಣ್ಣಿನ ರಕ್ಷಣೆಯ ಮುಂದೆ ಆ ಬಣ್ಣದ ಗೆರೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟ್ರೈವೆಕ್ಸ್ ಎಂಬ ವಸ್ತುವಿನಲ್ಲಿ ಗಟ್ಟಿತನವೂ ಶುಭ್ರತೆಯೂ ಎರಡೂ ಇವೆ. ನನ್ನ ನಂಬರಿಗೆ ಅದರಲ್ಲಿ ಪೋಲರೈಸ್ಡ್ ತರಿಸಲು ಹೆಚ್ಚು ದಿನ, ಹೆಚ್ಚು ಹಣ ಬೇಕಾಗುತ್ತಿತ್ತು. ಮಸೂರದ ಒಳಮೈಗೆ ಪ್ರತಿಫಲನ ತಡೆಯುವ ಲೇಪ ಹಾಕಿಸಿದ್ದು ಸಾರ್ಥಕವಾಯಿತು, ಬಿಸಿಲು ಬೆನ್ನ ಹಿಂದೆ ಇದ್ದಾಗ ಸ್ವಂತ ಕಣ್ಣಿನ ನೆರಳು ಮಸೂರದಲ್ಲಿ ಕಾಣುವ ಕಿರಿಕಿರಿ ಈಗಿಲ್ಲ. ಹೊರಮೈಯ ಕನ್ನಡಿ ಲೇಪವನ್ನು ಬೇಡವೆಂದೆ.

ಬಣ್ಣದ ಆಯ್ಕೆಯಲ್ಲಿ ನಮ್ಮ ಸೀಮೆಯ ನೀರನ್ನೂ ಮೋಡವನ್ನೂ ಗಮನಿಸಬೇಕು. ಸಮುದ್ರದ ಮೇಲೆ ನೆತ್ತಿಯ ಬಿಸಿಲಿನಲ್ಲಿ ದೋಣಿ ನಡೆಸುವವರಿಗೆ ಬೂದು ಬಣ್ಣ ಹಿತ. ಅದು ಬಣ್ಣಗಳನ್ನು ಇದ್ದಂತೆಯೇ ತೋರಿಸುತ್ತದೆ. ಗೊರೂರು, ಯಗಚಿ, ಅಯ್ಯನಕೆರೆಗಳ ನೀರಿನಲ್ಲಿ ಪಾಚಿಯ ಹಸಿರು ಮತ್ತು ಮಣ್ಣಿನ ಕಂದು ಬೆರೆತಿರುತ್ತವೆ, ತಳದ ಮೇಲಿನ ಮೀನಿಗೂ ತಳಕ್ಕೂ ಬಣ್ಣದ ವ್ಯತ್ಯಾಸ ಬಹಳ ಕಡಿಮೆ. ಕಂದು ಅಥವಾ ತಾಮ್ರದ ಬಣ್ಣದ ಮಸೂರ ನೀಲಿ ಬೆಳಕನ್ನು ಹೆಚ್ಚಾಗಿ ತಡೆದು ಈ ವ್ಯತ್ಯಾಸವನ್ನು ಎತ್ತಿ ಹಿಡಿಯುತ್ತದೆ. ನಾನು ಕಂದು ತೆಗೆದುಕೊಂಡೆ, ಮತ್ತೆ ಕೊಳ್ಳುವುದಾದರೂ ಕಂದನ್ನೇ ಕೊಳ್ಳುತ್ತೇನೆ. ಗಾಢತೆಯಲ್ಲಿ ಮಾತ್ರ ಸಣ್ಣ ತಪ್ಪು ಮಾಡಿದೆ. ನನ್ನದು ಮೂರನೆಯ ವರ್ಗದ್ದು. ಆ ವರ್ಗದ ಮಸೂರ ಬೆಳಕಿನ ಶೇಕಡ 8ರಿಂದ 18ರಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ತೆರೆದ ಹಿನ್ನೀರಿನಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಇದು ಸರಿಯಾಗಿದೆ. ಮೂಡಿಗೆರೆಯ ಕಡೆ ಮರಗಳು ಬಾಗಿದ ಹೊಳೆಯ ದಂಡೆಯಲ್ಲಿ ಮಾತ್ರ ಕತ್ತಲೆನಿಸುತ್ತದೆ. ನೆರಳಿನ ಹೊಳೆಯಲ್ಲೇ ಹೆಚ್ಚು ಹೊತ್ತು ಕಳೆಯುವವರು ಶೇಕಡ 18ರಿಂದ 43ರಷ್ಟು ಬೆಳಕು ಬಿಡುವ ಎರಡನೆಯ ವರ್ಗವನ್ನು ಕೇಳಿ ಪಡೆಯಬೇಕು. ಬಣ್ಣ ಯಾವುದಿದ್ದರೂ, ಅತಿನೇರಳೆ ಕಿರಣಗಳನ್ನು ತಡೆಯುತ್ತದೆಂದು ಹೇಳುವ ಯುವಿ 400 ಎಂಬ ಖಾತರಿ ಇರಲೇಬೇಕು.

ನಲವತ್ತು ದಾಟಿದವರಿಗೆ ಗಾಳದ ಕಣ್ಣಿಗೆ ದಾರ ಪೋಣಿಸುವುದೇ ಒಂದು ಕಷ್ಟ. ದೂರಕ್ಕೂ ಹತ್ತಿರಕ್ಕೂ ಒಂದೇ ಮಸೂರದಲ್ಲಿ ನಂಬರಿರುವ ಪ್ರೊಗ್ರೆಸಿವ್ ಮಸೂರವೇ ಬೇಕೆಂದು ನಿರ್ಧರಿಸಿಕೊಂಡು ಹೋಗಿದ್ದ ನನ್ನನ್ನು ಪರೀಕ್ಷಕರು ತಡೆದು, ಕನ್ನಡಕ ತೆಗೆದು ದಾರವನ್ನು ಹಿಡಿಯಲು ಹೇಳಿದರು. ಮೈನಸ್ 3.25 ನಂಬರಿನ ಬರಿಗಣ್ಣಿಗೆ ಸುಮಾರು 31 ಸೆಂಟಿಮೀಟರ್ ದೂರದಲ್ಲಿ ತಾನಾಗಿಯೇ ಸ್ಪಷ್ಟವಾಗಿ ಕಾಣುತ್ತದೆ. ಗಂಟು ಹಾಕುವಾಗ ಕೈಗಳಿರುವುದೂ ಅಲ್ಲಿಯೇ. ಕನ್ನಡಕವನ್ನು ಹಣೆಗೆ ಏರಿಸಿದರೆ ಕೆಲಸ ಮುಗಿಯಿತು. ಸಾವಿರಾರು ರೂಪಾಯಿ ಹೆಚ್ಚಿಗೆ ಪಡೆಯುವ ಅವಕಾಶವನ್ನು ಬಿಟ್ಟು ಈ ಸಲಹೆ ಕೊಟ್ಟ ಅಂಗಡಿಯ ಬಗ್ಗೆ ನನಗೆ ಗೌರವ ಮೂಡಿದ್ದು ಆ ಗಳಿಗೆಯಲ್ಲಿ.

ಕನ್ನಡಕ ಕೈಗೆ ಬಂದ ಮರುದಿನ ಗಾಳದ ಕೋಲನ್ನು ಮನೆಯಲ್ಲೇ ಬಿಟ್ಟು ರಾಮನಾಥಪುರಕ್ಕೆ ಹೋದೆ. ಕಾವೇರಿಯ ಆ ಮಡುವಿನ ಮೀನುಗಳು ದೇವರ ಮೀನುಗಳು, ಅಲ್ಲಿ ಹಿಡಿಯುವಂತಿಲ್ಲ. ಮೆಟ್ಟಿಲ ಮೇಲೆ ನಿಂತರೆ ಕಾಲ ಬುಡದಲ್ಲೇ ದೊಡ್ಡ ಮೀನುಗಳು ಕಡ್ಲೆಪುರಿಗೆ ಮೇಲೇಳುತ್ತವೆ, ಆದ್ದರಿಂದ ಇಂಥ ಕನ್ನಡಕವನ್ನು ಒರೆಗೆ ಹಚ್ಚಲು ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಹಳೆಯ ಕನ್ನಡಕದಲ್ಲಿ ನೋಡಿದಾಗ ಆಕಾಶವೂ ಮೇಲೆದ್ದ ಬಾಯಿಗಳೂ ಕಂಡವು. ಹೊಸದರಲ್ಲಿ ಕೆಳಗಿನ ಕಲ್ಲುಗಳು, ಅವುಗಳ ಮೇಲೆ ನಿಂತ ಮೀನಿನ ಬೆನ್ನು, ರೆಕ್ಕೆಯ ಅಲುಗಾಟ, ಹುರುಪೆಗಳ ಅಂಚು ಕಂಡವು. ಅರ್ಧ ಗಂಟೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಯಗಚಿಯ ಅಂಚಿನ ತೆಳು ನೀರಿನಲ್ಲಿ ಜಿಲೇಬಿ ಮೀನುಗಳು ತಳದಲ್ಲಿ ತೋಡಿದ ಬಟ್ಟಲಿನಂಥ ಗುಳಿಗಳನ್ನು ನೋಡಿದೆ. ಒಮ್ಮೆ ಕೆಂಪನೆಯ ಮರಿಗಳ ಗುಂಪೊಂದು ಮೇಲ್ಮೈಯಲ್ಲಿ ಸರಿಯುತ್ತಿತ್ತು, ಅದರ ಕೆಳಗೆ ತಾಯಿಯೋ ತಂದೆಯೋ ಆದ ಕೊರವ ಮೀನು ಕಾವಲಿತ್ತು. ಕಂಡದ್ದರಿಂದಲೇ ಆ ದಿನ ಅಲ್ಲಿ ಗಾಳ ಇಳಿಸದೆ ಮುಂದಕ್ಕೆ ಹೋದೆ. ಕಾಣದೆ ಇದ್ದಿದ್ದರೆ ಮರಿಗಳು ಕಾವಲಿಲ್ಲದೆ ಉಳಿಯುತ್ತಿದ್ದವು.

ಕುಂದುಗಳೂ ಇವೆ. ಮೀನು ತೂಗುವ ಡಿಜಿಟಲ್ ತಕ್ಕಡಿಯ ಅಂಕೆಗಳು ಕೆಲವು ಕೋನಗಳಲ್ಲಿ ಮಾಯವಾಗುತ್ತವೆ, ಫೋನನ್ನು ಅಡ್ಡ ಹಿಡಿದರೆ ಪರದೆ ಕಪ್ಪಾಗುತ್ತದೆ. ಸಂಜೆ ಆರರ ಹೊತ್ತಿಗೆ ಇದನ್ನು ತೆಗೆದು ಸಾಧಾರಣ ಕನ್ನಡಕ ಹಾಕಿಕೊಳ್ಳಲೇಬೇಕು, ಹಾಗಾಗಿ ಚೀಲದಲ್ಲಿ ಎರಡು ಜೋಡಿ ಇರಬೇಕು. ಜುಲೈ, ಆಗಸ್ಟಿನಲ್ಲಿ ಹೇಮಾವತಿ ಕೆಂಪಗೆ ತುಂಬಿ ಹರಿಯುವಾಗ ಯಾವ ಮಸೂರದಿಂದಲೂ ನೀರಿನೊಳಗೆ ಏನೂ ಕಾಣದು. ಬೆವರಿಗೆ ಮೂಗಿನ ಮೇಲಿಂದ ಜಾರುತ್ತಿತ್ತು, ಅಂಗಡಿಯವರು ಹಣ ಪಡೆಯದೆ ರಬ್ಬರಿನ ಮೂಗಿನ ಮೆತ್ತೆ ಬದಲಿಸಿಕೊಟ್ಟರು. ಕುತ್ತಿಗೆಯ ದಾರವನ್ನು ನಾನೇ ಕಟ್ಟಿಕೊಂಡೆ. ಒರೆಸುವ ಮೊದಲು ಶುದ್ಧ ನೀರಿನಲ್ಲಿ ತೊಳೆಯದಿದ್ದರೆ ದಂಡೆಯ ಮರಳು ಲೇಪವನ್ನು ಗೀರುತ್ತದೆ. ಇಷ್ಟು ಖರ್ಚು ಬೇಡವೆನ್ನುವವರಿಗೆ, ಇರುವ ಕನ್ನಡಕದ ಮೇಲೆ ಸಿಕ್ಕಿಸುವ ಪೋಲರೈಸ್ಡ್ ಕ್ಲಿಪ್ ಅಗ್ಗದ ದಾರಿ. ಹಿಂದಿನಿಂದ ಬೆಳಕು ನುಗ್ಗುತ್ತದಾದರೂ ವರ್ಷಕ್ಕೆ ನಾಲ್ಕು ಬಾರಿ ಹೋಗುವವರಿಗೆ ಸಾಕು. ಬಿಸಿಲಿಗೆ ತಾನಾಗಿ ಕಪ್ಪಾಗುವ ಸಾಧಾರಣ ಮಸೂರಗಳು ಪೋಲರೈಸ್ಡ್ ಆಗಿರುವುದಿಲ್ಲ, ಅವನ್ನು ಇದರ ಬದಲಿಗೆಂದು ಕೊಳ್ಳಬಾರದು.

ನನ್ನ ಜೊತೆ ಬರುವ ಗೆಳೆಯರಿಗೆ ಪ್ಲಸ್ ನಂಬರು, ಹಣೆಗೆ ಏರಿಸುವ ಉಪಾಯ ಅವರಿಗೆ ಒದಗದು. ಅವರಿಗಾಗಿ ಅದೇ ಅಂಗಡಿಯಲ್ಲಿ, ಓದುವ ಭಾಗವನ್ನು ವಾಡಿಕೆಗಿಂತ ತುಸು ಕೆಳಗೆ ಕೂರಿಸಿ, ದಂಡೆ ಇಳಿಯುವಾಗ ಕಾಲ ಬಳಿಯ ನೆಲ ಮಸುಕಾಗದಂತೆ ಬೈಫೋಕಲ್ ಮಾಡಲು ಕಳೆದ ವಾರ ಅಳತೆ ಕೊಟ್ಟು ಬಂದಿದ್ದೇವೆ.