14 ತಿಂಗಳ ಫ್ಯಾಮಿಲಿ ಥೆರಪಿ: ನಮ್ಮ ಮನೆಯ ಅನುಭವ

ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ಯಜಮಾನರು, ಅತ್ತೆ, ಪಿಯುಸಿ ಓದುವ ಮಗ. ಜೋರು ಜಗಳ ಏನೂ ಇರಲಿಲ್ಲ, ಮಾತೇ ನಿಂತುಹೋಗಿತ್ತು. ಅತ್ತೆಗೆ ಏನಾದರೂ ಹೇಳಬೇಕಿದ್ದರೆ ಮಗನ ಹತ್ತಿರ ಹೇಳಿ ಕಳಿಸುತ್ತಿದ್ದೆ. ಅವರೂ ಹಾಗೇ. ಒಂದು ರಾತ್ರಿ ಅವನು "ನಾನೇನು ಪೋಸ್ಟ್‌ಮ್ಯಾನಾ?" ಅಂತ ಅರ್ಧ ಊಟಕ್ಕೇ ಎದ್ದು ಹೋದ.

ಮರುದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲ ಕೇಳಿಸಿಕೊಂಡು, ಮನೆಯವರೆಲ್ಲ ಒಟ್ಟಿಗೆ ಕೂರುವ ಥೆರಪಿ ನೋಡಿ ಅಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೇ ಅಂತ ಬೇರೆ ವಿಭಾಗ ಇದೆ. ಮಗನ ಕಾಲೇಜು ಬಿಟ್ಟು ಅಷ್ಟು ದೂರ ಓಡಾಡೋಕೆ ನಮಗೆ ಆಗಲಿಲ್ಲ.

ನಾವು ಮೊದಲು ಹೋದ ಥೆರಪಿಸ್ಟ್ ಹತ್ತಿರ ಮಾತೆಲ್ಲ ಇಂಗ್ಲಿಷ್‌ನಲ್ಲೇ. ಅತ್ತೆ ಪರ್ಸನ್ನು ತೊಡೆ ಮೇಲೆ ಹಿಡಿದುಕೊಂಡು ಸುಮ್ನೆ ಫ್ಯಾನ್ ನೋಡುತ್ತಾ ಕೂತಿದ್ದರು. ಅಲ್ಲಿ ಹೇಳಿದ್ದನ್ನೆಲ್ಲ ಅಜ್ಜಿಗೆ ಕನ್ನಡದಲ್ಲಿ ಹೇಳಿದವನು ಮಗನೇ. ಯಾವ ಭಾರ ಬೇಡ ಅಂತ ಅವನು ಎದ್ದು ಹೋಗಿದ್ದನೋ, ಅದನ್ನೇ ಮತ್ತೆ ಅವನ ತಲೆಗೆ ಕಟ್ಟಿದೆವು. ಅದರ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ. ಮೂರೇ ಸೆಷನ್‌ಗೆ ಬಿಟ್ಟೆವು.

ಎರಡನೇ ಸಲ ಫೋನಲ್ಲೇ ಎಲ್ಲ ಕೇಳಿಕೊಂಡೆ. ಸೆಷನ್ ಕನ್ನಡದಲ್ಲಿ ಮಾಡ್ತೀರಾ? ನಾಲ್ಕೂ ಜನರನ್ನ ಒಟ್ಟಿಗೆ ಕೂರಿಸ್ತೀರಾ? ಏನು ಓದಿದ್ದೀರಿ? ಹೀಗೆ ಸಿಕ್ಕ ಥೆರಪಿಸ್ಟ್ ಮೇಡಂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ನಲ್ಲಿ (ಮಾನಸಿಕ ಆರೋಗ್ಯದ ಸಮಾಜಕಾರ್ಯ) ಎಂ.ಫಿಲ್ ಮಾಡಿದ್ದಾರೆ. ಯಾರಾದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ನಂಬರ್ ಕೇಳಿ. ಕೇಳೋಕೆ ಸಂಕೋಚ ಬೇಡ.

ಎರಡನೇ ಸೆಷನ್‌ನಲ್ಲಿ ಮೇಡಂ ದೊಡ್ಡ ಹಾಳೆಯಲ್ಲಿ ನಮ್ಮ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಯಜಮಾನರು ತಾವೇ ಹಿರಿಮಗ ಅಂದರು. ಅತ್ತೆ ಮೆಲ್ಲಗೆ, "ಅವನಿಗಿಂತ ಮುಂಚೆ ಒಂದು ಹೆಣ್ಣು ಮಗು ಇತ್ತು. ಮೂರು ತಿಂಗಳಿಗೆ ಹೋಯ್ತು. ಅದನ್ನೂ ಹಾಕಮ್ಮ" ಅಂದರು. ಯಜಮಾನರಿಗೇ ಗೊತ್ತಿರಲಿಲ್ಲ. ಮೇಡಂ ಒಂದು ಸಣ್ಣ ವೃತ್ತ ಬರೆದು, ತೀರಿಕೊಂಡವರ ಗುರುತಾಗಿ ಅದರೊಳಗೆ X ಹಾಕಿ, "ಹೆಸರು ಇಟ್ಟಿದ್ರಾ ಅಮ್ಮ?" ಅಂತ ಕೇಳಿದರು. ಅತ್ತೆ ಹೆಸರು ಹೇಳಿದರು. ಹದಿನೆಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ, ಅವರು ಅತ್ತಿದ್ದನ್ನು ಅವತ್ತೇ ಮೊದಲು ನೋಡಿದ್ದು. ನನ್ನ ಮಗ ಚಿಕ್ಕವನಿದ್ದಾಗ ಅವರು ಅವನನ್ನು ನನ್ನ ಕೈಗೂ ಸರಿಯಾಗಿ ಬಿಡುತ್ತಿರಲಿಲ್ಲ. ಅದಕ್ಕೇ ನಾನು ಅವರಿಂದ ದೂರ ಆಗಿದ್ದು. ಅವರ ಭಯ ಏನಂತ ಆಮೇಲೆ ಅರ್ಥ ಆಯ್ತು.

ಅಲ್ಲಿಂದ ಎಲ್ಲ ಸಲೀಸಾಯ್ತು ಅಂತಲ್ಲ. ಒಂದು ಸೆಷನ್‌ಗೆ 1500 ರೂಪಾಯಿ, ಇಲ್ಲಿವರೆಗೆ 19 ಆಗಿವೆ. ನಮ್ಮಂಥ ಮನೆಗೆ ಅದು ಜಾಸ್ತಿನೇ. ಭಾನುವಾರದ ಟೈಮ್ ಸಿಗೋದು ಕಷ್ಟ. ಯಜಮಾನರು ಕೆಲಸ ಅಂತ ನಾಲ್ಕು ಸಲ ತಪ್ಪಿಸಿಕೊಂಡರು, ಆ ತಿಂಗಳುಗಳಲ್ಲಿ ಮನೆ ಮತ್ತೆ ಹಳೇ ಥರಾನೇ ಆಯ್ತು. ಒಮ್ಮೆ ವಿಡಿಯೋ ಕಾಲ್‌ನಲ್ಲಿ ಮಾಡಿದೆವು. ಒಂದೇ ಫೋನ್ ಮುಂದೆ ನಾಲ್ಕು ಜನ ಕೂತರೆ ಅತ್ತೆ ಮೂಲೆಗೆ ಸರಿದುಬಿಡುತ್ತಾರೆ. ಆಗೋದಾದರೆ ನೇರವಾಗಿಯೇ ಹೋಗಿ.

ಮೇಡಂ ಯಾರ ಪರಾನೂ ತೀರ್ಪು ಕೊಡಲಿಲ್ಲ. ಒಂದೇ ನಿಯಮ ಹಾಕಿದ್ದರು: ಮಗನ ಹತ್ತಿರ ಹೇಳಿ ಕಳಿಸುವ ಹಾಗಿಲ್ಲ, ಏನಿದ್ದರೂ ಅವರವರೇ ಹೇಳಬೇಕು. ಮೊದಮೊದಲು "ಹಾಲು ತರಬೇಕು" ಅನ್ನೋಕೂ ನನಗೆ ಗಂಟಲು ಕಟ್ಟುತ್ತಿತ್ತು. ಈಗ ಎರಡು ತಿಂಗಳಿಗೊಮ್ಮೆ ಹೋಗುತ್ತೇವೆ. ಅಡುಗೆಮನೆ ವಿಷಯದಲ್ಲಿ ನನಗೂ ಅತ್ತೆಗೂ ಇನ್ನೂ ಹೊಂದುವುದಿಲ್ಲ. ನಿನ್ನೆ ಸೊಪ್ಪು ಬಿಡಿಸುತ್ತಾ ಅತ್ತೆ, "ಈ ಸಲ ಮೇಡಂ ಹತ್ರ ಅಡುಗೆ ವಿಷಯಾನೇ ಎತ್ತೋಣ ಕಣೇ" ಅಂದರು. ಮಗ ಪಕ್ಕದಲ್ಲೇ ಇದ್ದ. ಹೇಳಿದ್ದು ನನಗೆ.