ಎಕ್ಸ್-ಪ್ಯಾಕ್ ವಿಎಕ್ಸ್21: ಗಟ್ಟಿ ಬಟ್ಟೆ, ಆದರೆ ಬಿಚ್ಚಿ ಹೊಲಿಯುವಂತಿಲ್ಲ

ಚಾರಣದ ಚೀಲವನ್ನು ತಾವೇ ಹೊಲಿದುಕೊಳ್ಳುವವರು ಒಂದಲ್ಲ ಒಂದು ದಿನ ಈ ಬಟ್ಟೆಗೆ ಬಂದೇ ಬರುತ್ತಾರೆ. ಹಾಯಿಬಟ್ಟೆ ತಯಾರಿಸುವ ಡೈಮೆನ್ಷನ್-ಪಾಲಿಯಂಟ್ ಕಂಪನಿಯದು. ಹೊರಮೈ 210 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್, ಒಳಮೈ ತೆಳು ಪಾಲಿಯೆಸ್ಟರ್, ನಡುವೆ ನೀರು ತಡೆಯುವ ಫಿಲ್ಮ್, ಅದರ ಜೊತೆ ಓರೆಯಾಗಿ ಹಾಯ್ದ ದಪ್ಪ ನೂಲು. ಚದರ ಮೀಟರಿಗೆ ಸುಮಾರು 200 ಗ್ರಾಂ ತೂಗುತ್ತದೆ. 30 ಸೆಂ.ಮೀ. ಅಗಲ, 18 ಸೆಂ.ಮೀ. ಆಳ, 60 ಸೆಂ.ಮೀ. ಎತ್ತರದ 32 ಲೀಟರ್ ಚೀಲಕ್ಕೆ, ಬಾಯಿ ಸುರುಳಿ ಸುತ್ತಲು ಮೇಲೆ 25–30 ಸೆಂ.ಮೀ. ಬಿಟ್ಟು, ಜೇಬುಗಳನ್ನೂ ಲೆಕ್ಕಕ್ಕೆ ಹಿಡಿದರೆ ಒಂದೂಕಾಲು ಚದರ ಮೀಟರ್ ಬೇಕು. ಅಲ್ಲಿಗೆ ಬಟ್ಟೆಯೇ 250 ಗ್ರಾಂ.

ದಪ್ಪ ಕಾಗದದ ಹಾಗೆ ಸೆಟೆದು ನಿಲ್ಲುವುದರಿಂದ ಗುರುತು ಹಾಕುವುದು, ಕತ್ತರಿಸುವುದು ಸಲೀಸು. ತೆಳು ನೈಲಾನಿನಂತೆ ಕತ್ತರಿಯಡಿ ಜಾರುವುದಿಲ್ಲ. ಸರಸರ ಸದ್ದು ಮಾತ್ರ ಕೆಲವರಿಗೆ ಹಿಡಿಸದು.

ತೊಂದರೆ ಇರುವುದು ತೂತಿನಲ್ಲಿ. ಸೂಜಿ ಒಮ್ಮೆ ಚುಚ್ಚಿದ ಜಾಗ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ ಗುಂಡುಪಿನ್ನು ಬೇಡ, ಕ್ಲಿಪ್ ಸಾಕು. ಹೊಲಿಗೆಯ ಉದ್ದ 3 ಮಿ.ಮೀ.ಗಿಂತ ಕಡಿಮೆ ಇಟ್ಟರೆ ಅಂಚೆಚೀಟಿಯ ಅಂಚಿನಂತಾಗಿ, ಭಾರ ಬಿದ್ದಾಗ ಅದೇ ಗೆರೆಯಲ್ಲಿ ಹರಿಯುತ್ತದೆ. ಅಳತೆಯ ತಪ್ಪುಗಳೆಲ್ಲ ಹಳೆಯ ಹಾಸುಬಟ್ಟೆಯ ಮೇಲೆ ಹೊಲಿದು ನೋಡುವಾಗಲೇ ಮುಗಿದಿರಬೇಕು. ಸೂಜಿ 90 ಅಥವಾ 100ನೇ ನಂಬರ್, ದಾರ ಗಟ್ಟಿ ಪಾಲಿಯೆಸ್ಟರ್. ಹತ್ತಿಯ ದಾರ ತೇವಕ್ಕೆ ಕೊಳೆಯುತ್ತದೆ.

ಚೀಲ ಕೈಕೊಡುವುದು ಸಾಮಾನ್ಯವಾಗಿ ಬಟ್ಟೆಯಲ್ಲಲ್ಲ, ಹೆಗಲಪಟ್ಟಿಯ ಬುಡದಲ್ಲಿ. 20 ಮಿ.ಮೀ. ಅಗಲದ ವೆಬ್ಬಿಂಗನ್ನು, ಅಂದರೆ ನೇಯ್ದ ಗಟ್ಟಿ ಪಟ್ಟಿಯನ್ನು, ನೇರ ಪಕ್ಕದ ಹೊಲಿಗೆಗೆ ಸಿಕ್ಕಿಸಿದರೆ ಎಳೆತವೆಲ್ಲ ಎರಡು ಸೆಂಟಿಮೀಟರಿನ ಮೇಲೆ ಬೀಳುತ್ತದೆ. ಅದೇ ಬಟ್ಟೆಯ ತ್ರಿಕೋನದ ತುಂಡೊಂದನ್ನು ಮಡಚಿ, ತುದಿಯೊಳಗೆ ವೆಬ್ಬಿಂಗ್ ಕೂರಿಸಿ, ಅಗಲದ ಬದಿಯನ್ನು ಪಕ್ಕದ ಹೊಲಿಗೆಗೆ ಸೇರಿಸಿದರೆ ಭಾರ ಹಂಚಿಹೋಗುತ್ತದೆ. ವೆಬ್ಬಿಂಗಿನ ಮೇಲೆ ಒತ್ತೊತ್ತಾದ ಜಿಗ್‌ಜಾಗ್ ಎರಡು ಸಾಲು ಹಾಕಿ. ಅಲ್ಲಿ ಆರೇಳು ಪದರ ಕೂಡುವುದರಿಂದ ಮನೆಯ ಮಷಿನ್ ಹೊಲಿಗೆ ಬಿಡತೊಡಗುತ್ತದೆ. ಮೋಟರ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ನಿನ ಕಾಲು ವಾಲಿದರೆ ಹಿಂಬದಿಗೆ ಮಡಚಿದ ಚಿಂದಿ ಕೊಡಿ, ಮಟ್ಟ ಸರಿಯಾಗುತ್ತದೆ.

ಕತ್ತರಿಸಿದ ಅಂಚು ನಿಧಾನಕ್ಕೆ ನೂಲು ಬಿಡುತ್ತದೆ, ಒಳಗೆ 25 ಮಿ.ಮೀ. ಪಟ್ಟಿ ಸುತ್ತಿ ಹೊಲಿಯಿರಿ. ಮಳೆಯ ವಿಷಯಕ್ಕೆ ಬಂದರೆ, ನೀರು ತಡೆಯುವುದು ಬಟ್ಟೆ ಮಾತ್ರ. ಹೊಲಿಗೆಯ ತೂತುಗಳಲ್ಲಿ ಜಿನುಗಿಯೇ ಜಿನುಗುತ್ತದೆ. ಟೇಪ್ ಅಂಟಿಸುತ್ತ ಕೂರುವ ಬದಲು ಒಳಗೊಂದು ಪ್ಲಾಸ್ಟಿಕ್ ಚೀಲ ಹಾಕಿದರಾಯಿತು.