ಒಂದು ಲೀಟರಿನ ಹಸಿರು ಕೂಲಂಟ್: ಮಾಲು ಪಾಸು, ಮುಚ್ಚಳ ನಪಾಸು

ಬೆಳಗಾವಿಯ ಆಟೋನಗರದಲ್ಲಿ, ವಿಜಯಪುರದ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ, ಗಾಡಿಯ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟ್ ಡಬ್ಬಿಯ ಬಗ್ಗೆ ಈ ಮಾತು. ರೇಡಿಯೇಟರ್ ಹೆಪ್ಪುಗಟ್ಟುವಷ್ಟು ಚಳಿ ನಮ್ಮ ಕಡೆ ಇಲ್ಲ. ಏಪ್ರಿಲ್ ಬಿಸಿಲಿಗೆ ಎಂಜಿನ್ ಕುದಿಯದಂತೆ, ಒಳಗೆ ತುಕ್ಕು ಹಿಡಿಯದಂತೆ ಕಾಯುವುದೇ ಇದರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ. ತಕರಾರು ಮುಚ್ಚಳದ ಮೇಲೆ.

ಸೀಲ್ ಕಿತ್ತ ಮೇಲೆ ಹಲವು ಡಬ್ಬಿಗಳಲ್ಲಿ ಉಳಿಯುವುದು ಸಾದಾ ತಿರುಪಿನ ಮುಚ್ಚಳ. ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚುವಂಥದ್ದು ಸಿಕ್ಕರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಒಳಗಿರುವುದು ಕುಡಿದರೆ ವಿಷವಾಗುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವ; ಅದರ ರುಚಿ ಸಿಹಿ, ಕೂಲಂಟಿನ ಬಣ್ಣ ಥೇಟ್ ಖಸ್ ಶರಬತ್ತು. ನೀರು ಬೆರೆಸದ ಕಾನ್ಸಂಟ್ರೇಟ್ ಆದರೆ 10 ಕೆಜಿ ಮಗುವಿನ ಜೀವಕ್ಕೆ 15 ಮಿ.ಲೀ., ಅಂದರೆ ಒಂದು ದೊಡ್ಡ ಚಮಚ, ಸಾಕಾಗಬಹುದು. ಕಹಿಗಾಗಿ ಡೆನಾಟೋನಿಯಂ ಹಾಕಿದ್ದರೆ ಒಳ್ಳೆಯದೇ, ಆದರೆ ಮೊದಲ ಗುಟುಕನ್ನು ಕಹಿ ತಡೆಯದು. ಹಳೆ ನೀರಿನ ಬಾಟಲಿಗೆ ಸುರಿದು ಕೊಡುವ ಬಿಡಿ ಕೂಲಂಟಿಗೆ ನಮ್ಮ ಅಂಕ ಸೊನ್ನೆ.

ಲೇಬಲ್ ಹೇಳದ ಸಂಗತಿಯೊಂದಿದೆ. ಕುಡಿದ ಮಗು ಮೊದಲ ಕೆಲವು ಗಂಟೆ ಸೆರೆ ಕುಡಿದವರಂತೆ ತೂರಾಡಬಹುದು, ವಾಂತಿ ಮಾಡಬಹುದು, ಇಲ್ಲವೇ ಆರಾಮಾಗಿ ಆಡಿಕೊಂಡಿರಬಹುದು. ನಂಬಬೇಡಿ. ಗ್ಲೈಕಾಲನ್ನು ಯಕೃತ್ತು ಒಡೆದಾಗ ಹುಟ್ಟುವ ಆಮ್ಲಗಳೇ ನಿಜವಾದ ವಿಷ: ಒಂದು ರಕ್ತವನ್ನು ಆಮ್ಲೀಯ ಮಾಡುತ್ತದೆ, ಇನ್ನೊಂದು ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಕಿಡ್ನಿಯಲ್ಲಿ ಕೂರುತ್ತದೆ. 24ರಿಂದ 72 ಗಂಟೆಯೊಳಗೆ ಕಿಡ್ನಿ ಕೈಕೊಡಬಹುದು.

ಆದ್ದರಿಂದ ಲಕ್ಷಣಕ್ಕೆ ಕಾಯುವಂತಿಲ್ಲ. ಉಪ್ಪುನೀರು ಬೇಡ, ಗಂಟಲಿಗೆ ಬೆರಳು ಹಾಕುವುದೂ ಬೇಡ. ಬಾಯಿ ಒರೆಸಿ 108ಕ್ಕೆ ಕರೆ ಮಾಡಿ. ದಿಲ್ಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಡಬ್ಬಿಯನ್ನೇ ಒಯ್ಯಿರಿ, ಎಷ್ಟು ಹೊತ್ತಿಗೆ, ಎಷ್ಟು ಕುಡಿದಿರಬಹುದು, ಮಗುವಿನ ತೂಕ ಎಷ್ಟು ಎಂದು ಹೇಳಿ. ಮಕ್ಕಳಿಗೆ ಡಯಾಲಿಸಿಸ್ ಮಾಡುವ ಆಸ್ಪತ್ರೆಯಾದರೆ ಅಲೆದಾಟ ತಪ್ಪುತ್ತದೆ.

ಅಲ್ಲಿ ಕೊಡುವ ಮದ್ದು ಫೋಮೆಪಿಜೋಲ್: ಮೊದಲು ಕೆಜಿಗೆ 15 ಮಿ.ಗ್ರಾಂ., ಆಮೇಲೆ 12 ಗಂಟೆಗೊಮ್ಮೆ 10. ಯಕೃತ್ತು ವಿಷ ತಯಾರಿಸುವುದನ್ನೇ ಇದು ತಡೆಯುತ್ತದೆ. ಇದು ಸಿಗದಿದ್ದರೆ ವೈದ್ಯರು ಎಥನಾಲ್, ಅಂದರೆ ಸೆರೆಯಲ್ಲಿರುವ ಆಲ್ಕೋಹಾಲನ್ನೇ, ಅಳೆದು ಕೊಡುತ್ತಾರೆ. ಅದರಿಂದ ಮಕ್ಕಳಿಗೆ ಸಕ್ಕರೆ ಅಂಶ ಥಟ್ಟನೆ ಇಳಿಯುವುದರಿಂದ ಮತ್ತೆ ಮತ್ತೆ ರಕ್ತ ನೋಡುತ್ತಿರಬೇಕು. ಮನೆಯಲ್ಲಿ ಸೆರೆ ಕುಡಿಸುವ ಪ್ರಯೋಗ ಬೇಡವೇ ಬೇಡ. ಹೊಟ್ಟೆಯ ವಿಷ ಹೀರಲೆಂದು ಕೊಡುವ ಇದ್ದಿಲ ಪುಡಿ ಗ್ಲೈಕಾಲನ್ನು ಅಷ್ಟಾಗಿ ಹೀರುವುದಿಲ್ಲ.

ಇನ್ನು ಕೊಳ್ಳುವಾಗ ಪ್ರೊಪಿಲೀನ್ ಗ್ಲೈಕಾಲಿನ ಕೂಲಂಟ್ ಕೇಳಿ ನೋಡಿ. ಬೆಲೆ ಹೆಚ್ಚು, ವಿಷ ಬಹಳ ಕಡಿಮೆ. ಯಾವುದನ್ನೇ ತಂದರೂ, ರೇಡಿಯೇಟರಿನಿಂದ ಇಳಿಸಿದ ಹಳೆ ಕೂಲಂಟನ್ನು ಅಂಗಳದ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಡಬೇಡಿ. ನಾಯಿಯೂ ನೆಕ್ಕುತ್ತದೆ.